ಮುಚ್ಚಿದ ಕೋಣೆಯ ಬೆಂಕಿ

ವ್ಯಾನನ್ನೇ ಮನೆ ಮಾಡಿಕೊಂಡು ಊರೂರು ಸುತ್ತುವ ಶೋಕಿ ಬೆಂಗಳೂರಿಗೂ ಬಂದಿದೆ. ಹಳೆಯ ಟೆಂಪೋ ಟ್ರಾವೆಲರ್ ಕೊಂಡು, ಸೀಟು ಕಿತ್ತು, ಮಂಚ ಕೂರಿಸಿ ಲಡಾಖಿಗೆ ಹೊರಡುವವರಿಗೆ ಒಂದು ಪ್ರಶ್ನೆ ಎದುರಾಗುತ್ತದೆ: ರಾತ್ರಿಯ ಚಳಿಗೆ ಒಳಗೆ ಗ್ಯಾಸ್ ಹೀಟರ್ ಹಚ್ಚಿ ಮಲಗಬಹುದೇ? ಉತ್ತರಕ್ಕೆ ಲಡಾಖಿನವರೆಗೆ ಹೋಗಬೇಕಾಗಿಲ್ಲ, ಆರ್.ಟಿ. ನಗರದಲ್ಲೇ ಸಿಗುತ್ತದೆ. ವ್ಯಾನಿನಲ್ಲಿ ಮಲಗುವವರು ನಮ್ಮಲ್ಲಿ ಬೆರಳೆಣಿಕೆಯಷ್ಟು. ವ್ಯಾನಿಗಿಂತ ಇಕ್ಕಟ್ಟಾದ ಜಾಗದಲ್ಲಿ ಬಾಗಿಲು ಹಾಕಿಕೊಂಡು, ತಲೆಯ ಪಕ್ಕದಲ್ಲೇ ಗ್ಯಾಸ್ ಉರಿಸಿಕೊಂಡು ದಿನಾ ಬೆಳಗ್ಗೆ ಸ್ನಾನ ಮಾಡುವವರು ಮಾತ್ರ ಬೀದಿಗೆ ಹತ್ತಾರು ಮಂದಿ ಇದ್ದಾರೆ.

ಗಂಗಾನಗರ, ಸುಲ್ತಾನ್‌ಪಾಳ್ಯ, ದಿಣ್ಣೂರು ಕಡೆಯ ಬಾಡಿಗೆ ಮನೆಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಇಪ್ಪತ್ತು ಮೂವತ್ತರ ಸೈಟಿನಲ್ಲಿ ಮೂರು ನಾಲ್ಕು ಅಂತಸ್ತು, ಪಕ್ಕದ ಕಟ್ಟಡಕ್ಕೂ ಇದಕ್ಕೂ ನಡುವೆ ಕೈ ಚಾಚಿದರೆ ಮುಟ್ಟುವಷ್ಟು ಅಂತರ. ಬಾತ್‌ರೂಮು ನಾಲ್ಕಡಿ ಆರಡಿ. ಅದರ ವೆಂಟಿಲೇಟರ್ ತೆರೆದುಕೊಳ್ಳುವುದು ಡಕ್ಟಿಗೆ. ಡಕ್ಟಿನ ನೆತ್ತಿಗೆ ಮಳೆನೀರು ಬೀಳದಿರಲೆಂದು ಓನರ್ ಶೀಟು ಹೊದಿಸಿರುತ್ತಾರೆ. ವೆಂಟಿಲೇಟರಿನ ಗಾಜಿನ ಪಟ್ಟಿಗಳಿಗೆ ಸೊಳ್ಳೆ ಬರುತ್ತದೆಂದೋ ಎದುರುಮನೆಯವರಿಗೆ ಕಾಣುತ್ತದೆಂದೋ ಬಾಡಿಗೆದಾರರು ರಟ್ಟು ಸಿಕ್ಕಿಸಿರುತ್ತಾರೆ. ಇಷ್ಟೆಲ್ಲ ಮುಚ್ಚಿದ ಮೇಲೆ ಗೋಡೆಗೆ ಗ್ಯಾಸ್ ಗೀಸರ್ ತೂಗುಹಾಕುತ್ತಾರೆ.

ಒಂದು ಲೆಕ್ಕ ಹಾಕೋಣ. ಎಂಟಡಿ ಎತ್ತರದ ಆ ಬಾತ್‌ರೂಮಿನಲ್ಲಿ ಇರುವ ಗಾಳಿ ಸುಮಾರು ಐದೂವರೆ ಘನ ಮೀಟರ್. ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಗೀಸರು ಗಂಟೆಗೆ ಒಂದು ಕೆ.ಜಿ.ಗೆ ಸ್ವಲ್ಪ ಕಡಿಮೆ ಗ್ಯಾಸ್ ಉರಿಸುತ್ತದೆ. ಒಂದು ಕೆ.ಜಿ. ಎಲ್‌ಪಿಜಿ ಪೂರ್ತಿ ಉರಿಯಲು ಹದಿನೈದು ಕೆ.ಜಿ.ಗೂ ಮಿಕ್ಕಿ ಗಾಳಿ ಬೇಕು. ಅಂದರೆ ಅರ್ಧ ಗಂಟೆಯ ಉರಿಗೆ ಆ ಕೋಣೆಯ ಗಾಳಿಯೆಲ್ಲ ಸಾಲದು. ಅಷ್ಟು ಹೊತ್ತು ಕಾಯುವ ಪ್ರಮೇಯವೂ ಇಲ್ಲ. ಶೇ 21ರಷ್ಟಿರುವ ಆಮ್ಲಜನಕ ಶೇ 18ಕ್ಕೆ ಇಳಿಯುವಾಗಲೇ ಉರಿ ಕೆಡತೊಡಗುತ್ತದೆ. ಹೊರಗಿನ ಗಾಳಿ ಸುಳಿಯದ ಕೋಣೆಯಲ್ಲಿ ಆ ಇಳಿತಕ್ಕೆ ಐದಾರು ನಿಮಿಷ ಸಾಕು. ಆಮೇಲೆ ಇಂಗಾಲದ ಡೈಆಕ್ಸೈಡ್ ಆಗಬೇಕಾದದ್ದರಲ್ಲಿ ಒಂದು ಪಾಲು ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಬರ್ನರಿನಲ್ಲಿ ಮಸಿ, ಜೇಡರ ಬಲೆ ಕಟ್ಟಿದ್ದರೆ ಅದೂ ಬೇಡ, ಮೊದಲ ನಿಮಿಷದಿಂದಲೇ ಶುರು.

ನಮ್ಮ ಭಯ ಮಾತ್ರ ಬೇರೆ ಕಡೆಗೇ ತಿರುಗಿದೆ. ಗ್ಯಾಸ್ ಎಂದರೆ ಲೀಕು, ಲೀಕು ಎಂದರೆ ವಾಸನೆ, ವಾಸನೆ ಬಂದರೆ ಸ್ವಿಚ್ ಮುಟ್ಟಬೇಡ, ರೆಗ್ಯುಲೇಟರ್ ಆಫ್ ಮಾಡು. ಇದು ನಾವೆಲ್ಲ ಚೆನ್ನಾಗಿ ಕಲಿತ ಪಾಠ. ಎಲ್‌ಪಿಜಿಗೆ ಮರ್ಕ್ಯಾಪ್ಟನ್ ಬೆರೆಸಿ ದುರ್ವಾಸನೆ ಕೊಟ್ಟಿರುವುದೂ ಅದಕ್ಕೇ. ಆದರೆ ಆ ವಾಸನೆ ಇರುವುದು ಉರಿಯದ ಗ್ಯಾಸಿಗೆ. ಉರಿದ ಮೇಲೆ ಮರ್ಕ್ಯಾಪ್ಟನ್ನೂ ಉರಿದುಹೋಗುತ್ತದೆ. ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ಅಲಾರಂ ಕೊಳ್ಳುವವರೂ ಇಲ್ಲಿ ಎಡವುತ್ತಾರೆ. ಗ್ಯಾಸ್ ಲೀಕ್ ಅಲಾರಂ ಮೊನಾಕ್ಸೈಡಿಗೆ ಕೂಗುವುದಿಲ್ಲ. ಗಾಳಿಗಿಂತ ಭಾರವಾದ ಎಲ್‌ಪಿಜಿ ನೆಲ ಹಿಡಿಯುವುದರಿಂದ ಅದರ ಅಲಾರಂ ಕೆಳಗಿರಬೇಕು. ಮೊನಾಕ್ಸೈಡ್ ಹೆಚ್ಚುಕಡಿಮೆ ಗಾಳಿಯಷ್ಟೇ ತೂಕದ್ದು, ಅದರ ಅಲಾರಂ ನಾವು ಉಸಿರಾಡುವ ಮಟ್ಟದಲ್ಲಿರಬೇಕು.

2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ ಎಂಟು ಪ್ರವಾಸಿಗರು, ಮಕ್ಕಳೂ ಸೇರಿ, ರೆಸಾರ್ಟಿನ ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿ ಮಲಗಿದವರು ಏಳಲಿಲ್ಲ. 2024ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನಲ್ಲಿ ಇಬ್ಬರ ಶವ ಸಿಕ್ಕಿತು. ಅಲ್ಲಿ ವಿಷ ಬಂದದ್ದು ವಾಹನದ ಜನರೇಟರಿನಿಂದ. 2025ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಕೋಣೆಯೊಳಗೆ ಇದ್ದಿಲು ಹಾಕಿಕೊಂಡು ಮಲಗಿದ ಮೂವರು ಯುವಕರು ಸತ್ತರು. ನಮ್ಮ ಉತ್ತರ ಬೆಂಗಳೂರಿನಲ್ಲೇ, ಚಿಕ್ಕಜಾಲದ ಬಳಿಯ ತರಬನಹಳ್ಳಿಯಲ್ಲಿ, 2023ರ ಜೂನ್‌ನಲ್ಲಿ ಸ್ನಾನಕ್ಕೆ ಹೋದ ಯುವ ಜೋಡಿ ಗ್ಯಾಸ್ ಗೀಸರಿಗೆ ಬಲಿಯಾಯಿತು. ಹೀಟರು, ಜನರೇಟರು, ಇದ್ದಿಲು, ಗೀಸರು ಬೇರೆ ಬೇರೆ. ಒಳಗೆ ಬೆಂಕಿ, ಹೊಗೆಗೆ ಹೊರದಾರಿ ಇಲ್ಲದ ಜಾಗ ಎಂಬುದು ಮಾತ್ರ ಎಲ್ಲ ಕಡೆಯೂ ಒಂದೇ.

ಪ್ರತಿ ಸಾವಿನ ಬಳಿಕವೂ ಪೊಲೀಸರು, ಪತ್ರಿಕೆಗಳು, ವೈದ್ಯರು ಹೇಳುವ ಮಾತೊಂದೇ: ಸಾರ್ವಜನಿಕರು ಎಚ್ಚರ ವಹಿಸಬೇಕು. ನನ್ನ ತಕರಾರಿರುವುದು ಈ ಮಾತಿನ ಮೇಲೆ. ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಿದುಳಿಗೆ ಆಮ್ಲಜನಕ ತಪ್ಪುತ್ತದೆ. ತಲೆ ಭಾರ, ವಾಕರಿಕೆ, ಕಾಲು ಸೋತ ಹಾಗೆ. ಬಾಗಿಲು ತೆಗೆಯಬೇಕೆಂದು ಹೊಳೆಯುವ ಹೊತ್ತಿಗೆ ಚಿಲಕದವರೆಗೆ ಕೈ ಎತ್ತಲಾಗುವುದಿಲ್ಲ. ಮಲಗಿದ್ದವರಿಗಂತೂ ಹೊಳೆಯುವುದೂ ಇಲ್ಲ. ಎಚ್ಚರವನ್ನೇ ಮೊದಲು ಕಸಿಯುವ ವಿಷಕ್ಕೆ ಎಚ್ಚರವೇ ಮದ್ದು ಎನ್ನುವುದು ನೀರಿಗೆ ಬಿದ್ದವನಿಗೆ ದಡದಿಂದ ಈಜು ಕಲಿಸಿದ ಹಾಗೆ. ಕೊರೋನಾ ಕಾಲದಲ್ಲಿ ಮನೆಮನೆಗೂ ಬಂದ ಆಕ್ಸಿಮೀಟರೂ ಇಲ್ಲಿ ಮೋಸ ಮಾಡುತ್ತದೆ. ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಆಮ್ಲಜನಕ ಹಿಡಿದ ರಕ್ತವೆಂದೇ ಓದಿ 98 ತೋರಿಸಬಲ್ಲದು. ಬಚ್ಚಲಲ್ಲಿ ಬಿದ್ದು ಕೈಕಾಲು ಸೆಟೆದವರನ್ನು ಮೂರ್ಛೆರೋಗವೆಂದು ತಿಳಿದು ಚಿಕಿತ್ಸೆ ಕೊಟ್ಟ ಪ್ರಕರಣಗಳಿವೆ. ನಮ್ಮ ದೇಶದ ನರರೋಗ ತಜ್ಞರು ಇದಕ್ಕೆ ಗ್ಯಾಸ್ ಗೀಸರ್ ಸಿಂಡ್ರೋಮ್ ಎಂಬ ಹೆಸರನ್ನೇ ಇಟ್ಟಿದ್ದಾರೆ.

ಹಾಗಾದರೆ ಹಿಂದಿನವರು ಬಚ್ಚಲಲ್ಲಿ ಹಂಡೆ ಕಾಯಿಸಲಿಲ್ಲವೇ ಎಂದು ಕೇಳಬಹುದು. ಕಾಯಿಸಿದರು. ಆದರೆ ಹಂಡೆಯ ಒಲೆಗೆ ಹೊಗೆಗೂಡು ಇತ್ತು, ಅನೇಕ ಮನೆಗಳಲ್ಲಿ ಒಲೆಯ ಬಾಯಿಯೇ ಹೊರಗಿತ್ತು, ನಾಡಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಯಾರೂ ವಿಜ್ಞಾನ ಓದಿ ಹಾಗೆ ಕಟ್ಟಲಿಲ್ಲ. ಸೌದೆಯ ಹೊಗೆ ಕಣ್ಣು ಉರಿಸುತ್ತಿದ್ದುದರಿಂದ ದಾರಿ ಮಾಡಿಕೊಟ್ಟರು. ಹಳೆಯದೆಲ್ಲ ಸುರಕ್ಷಿತವಾಗಿತ್ತೆಂದು ಹೇಳುವ ಆಸೆ ನನಗಿಲ್ಲ. ಬಾಣಂತಿ ಕೋಣೆಯ ಕಿಟಕಿ ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಇಡುತ್ತಿದ್ದುದೂ ಇದೇ ಅಪಾಯ, ಇವತ್ತಿಗೂ ಕೆಲವು ಮನೆಗಳಲ್ಲಿ ಅದು ಬಿಟ್ಟಿಲ್ಲ. ಹೊಗೆ ಕಾಣದ ಕೆಂಡವನ್ನು ನಂಬಿದ ಹಾಗೆಯೇ ಈಗ ಗ್ಯಾಸಿನ ನೀಲಿ ಉರಿಯನ್ನು ನಂಬುತ್ತೇವೆ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿ. ಗ್ಯಾಸ್ ಗೀಸರ್ ಬಡವರ ಮತ್ತು ಕೆಳಮಧ್ಯಮ ವರ್ಗದವರ ಸಾಧನ. ಕರೆಂಟು ಹೋದರೂ ಬಿಸಿನೀರು ಬರುತ್ತದೆ. ಬೆಳಗ್ಗೆ ಐದು ಜನ ಸಾಲಾಗಿ ಸ್ನಾನಕ್ಕೆ ನಿಂತ ಮನೆಯಲ್ಲಿ ಅದರಷ್ಟು ಅನುಕೂಲ ಇನ್ನೊಂದಿಲ್ಲ. ನಿಷೇಧಿಸಿ ಎಂದರೆ ಜನ ಇದಕ್ಕಿಂತ ಕೆಟ್ಟದ್ದಕ್ಕೆ, ಬಕೆಟ್ಟಿಗೆ ಅದ್ದುವ ಕಾಯಿಲ್‌ಗೆ, ಹೋಗುತ್ತಾರೆ. ಒಪ್ಪುತ್ತೇನೆ. ಆದರೆ ಗೀಸರು ಬೇಡವೆಂದು ಯಾರು ಹೇಳಿದರು? ಅದು ಸ್ನಾನ ಮಾಡುವ ಕಡೆಯೇ ಇರಬೇಕೆಂದಿಲ್ಲ. ಯುಟಿಲಿಟಿಯಲ್ಲೋ ಬಾಲ್ಕನಿಯಲ್ಲೋ ತೂಗುಹಾಕಿ, ಬಿಸಿನೀರಿನ ಪೈಪನ್ನಷ್ಟೇ ಒಳಗೆ ತಂದರಾಯಿತು. ಪ್ಲಂಬರಿಗೆ ಅರ್ಧ ದಿನದ ಕೆಲಸ. ಅದು ಆಗದಿರುವುದಕ್ಕೆ ಕಾರಣ ಗೋಡೆ ಕೊರೆಯುವ ಹಕ್ಕು ಬಾಡಿಗೆದಾರರಿಗಿಲ್ಲ, ಕೊರೆಸುವ ತುರ್ತು ಓನರಿಗಿಲ್ಲ.

ನಮ್ಮ ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ಫ್ಯಾನು ಎಷ್ಟು, ಟ್ಯೂಬ್‌ಲೈಟು ಎಷ್ಟು ಎಂದು ಬರೆದಿರುತ್ತದೆ. ಮನೆ ಬಿಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದೂ ಇರುತ್ತದೆ. ಬಾತ್‌ರೂಮಿಗೆ ಗಾಳಿ ಎಲ್ಲಿಂದ ಬರಬೇಕು ಎಂಬುದಕ್ಕೆ ಒಂದು ಸಾಲೂ ಇರುವುದಿಲ್ಲ. ಇಂಗ್ಲೆಂಡಿನಲ್ಲಿ 2022ರ ಅಕ್ಟೋಬರ್ 1ರಿಂದ, ಜನ ವಾಸಿಸುವ ಯಾವ ಕೋಣೆಯಲ್ಲಿ ಇಂಧನ ಉರಿಯುವ ಕಾಯಂ ಸಾಧನವಿದೆಯೋ ಆ ಕೋಣೆಗೆ ಮೊನಾಕ್ಸೈಡ್ ಅಲಾರಂ ಹಾಕಿಸಿಕೊಡುವುದು ಮನೆ ಮಾಲೀಕರ ಕರ್ತವ್ಯ, ಅಡುಗೆಯ ಗ್ಯಾಸ್ ಒಲೆಗಳಿಗೆ ಮಾತ್ರ ವಿನಾಯಿತಿ. ಅಲ್ಲಿನ ಜನ ನಮಗಿಂತ ಜಾಗರೂಕರೆಂದು ಆ ಕಾನೂನು ಬಂದದ್ದಲ್ಲ. ಬಾಡಿಗೆದಾರರ ಜಾಗರೂಕತೆಯನ್ನು ನೆಚ್ಚಿಕೊಳ್ಳಬಾರದೆಂದೇ ಅದು ಹೊಣೆಯನ್ನು ಕಟ್ಟಡದ ಒಡೆಯರ ಮೇಲೆ ಹಾಕಿದೆ. ಇಲ್ಲಿ ಅಂಥ ಅಲಾರಂ ಎರಡು ಮೂರು ಸಿಲಿಂಡರಿನ ಬೆಲೆಗೆ ಸಿಗುತ್ತದೆ. ಎರಡು ಮೂರು ಲಕ್ಷ ಅಡ್ವಾನ್ಸ್ ಎಣಿಸಿಕೊಳ್ಳುವವರಿಗೆ ಅದು ಹೊರೆಯೆಂದು ನಾನು ನಂಬಲಾರೆ.

ಇನ್ನು ಲಡಾಖಿನ ವ್ಯಾನು. ಉರಿಗೆ ಬೇಕಾದ ಗಾಳಿಯನ್ನು ಹೊರಗಿನಿಂದ ಎಳೆದು, ಉರಿದದ್ದನ್ನು ಕೊಳವೆಯಲ್ಲಿ ಹೊರಗೇ ಬಿಟ್ಟು, ಶಾಖವನ್ನಷ್ಟೇ ಒಳಗೆ ಕೊಡುವ ಹೀಟರ್‌ಗಳಿವೆ. ಕೊಳವೆ ಸರಿಯಾಗಿ ಕೂರಿಸಿ, ಮೊನಾಕ್ಸೈಡ್ ಅಲಾರಂ ಹಾಕಿಸಿ, ಅವನ್ನು ಬಳಸಬಹುದು. ಕೊಳವೆಯಿಲ್ಲದೆ ಕೋಣೆಯೊಳಗೇ ಉರಿಯುವ, ಎತ್ತಿ ಒಯ್ಯಬಹುದಾದ ಹೀಟರ್‌ಗಳಲ್ಲಿ ಆಮ್ಲಜನಕ ಶೇ 18ರ ಆಸುಪಾಸಿಗೆ ಇಳಿದರೆ ಆರಿಹೋಗುವ ವ್ಯವಸ್ಥೆ ಇರುವುದುಂಟು. ಆದರೆ ಅದು ಅಳೆಯುವುದು ಆಮ್ಲಜನಕದ ಕೊರತೆಯನ್ನು, ಮೊನಾಕ್ಸೈಡನ್ನಲ್ಲ. ಲೇಹ್‌ನಂಥ ಮೂರೂವರೆ ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವೇ ಸಮುದ್ರಮಟ್ಟದ ಮೂರನೇ ಎರಡು ಭಾಗ. ಅಲ್ಲಿ ಆ ವ್ಯವಸ್ಥೆಯನ್ನು ನೆಚ್ಚುವಂತಿಲ್ಲ. ಇಂಥ ಹೀಟರನ್ನು ಕಿಟಕಿ ತೆರೆದಿಟ್ಟು, ಎದ್ದು ಕೂತಿರುವಾಗ ಸ್ವಲ್ಪ ಹೊತ್ತು ಹಚ್ಚಬಹುದು. ಮಲಗುವ ಮುಂಚೆ ಆರಿಸಲೇಬೇಕು. ರಾತ್ರಿಗೆ ಒಳ್ಳೆಯ ಸ್ಲೀಪಿಂಗ್ ಬ್ಯಾಗು, ಎರಡು ಕಂಬಳಿ ಸಾಕು. ಕೊಳವೆ ಕೂರಿಸುವ ಫಿಟ್ಟರಿಗೆ ಕೊಡುವ ದುಡ್ಡಿನಲ್ಲಿ ಉಳಿಸಲು ಹೋಗುವವರು ಲಡಾಖ್ ಪ್ರವಾಸವನ್ನು ಜೂನ್ ಜುಲೈಗೆ ಹಾಕಿಕೊಂಡು ಹೀಟರನ್ನೇ ಕೈಬಿಡಲಿ.