ಕೋಡಿಗೊಂದು ಹದ್ದುಬಸ್ತು

ಹಳೆಯ ನಕ್ಷೆಯಲ್ಲಿ ಬದು ಒಂದು ಕಡೆ, ಸರ್ವೇಯರ್ ಬಂದು ಹದ್ದುಬಸ್ತು ಮಾಡಿದಾಗ ಇನ್ನೊಂದು ಕಡೆ: ಕಾರ್ಖಾನೆಗಳು ಬಂದು ಜಮೀನಿನ ಬೆಲೆ ಏರಿದ ವೇಮಗಲ್ ಹೋಬಳಿಯಲ್ಲಿ ಈ ಅಂತರದ ತೂಕ ಎಲ್ಲರಿಗೂ ಗೊತ್ತು. ಸಾಫ್ಟ್‌ವೇರಿನ ಕ್ಲಾಸ್ ಡಯಾಗ್ರಾಮ್ ಪಾಡೂ ಇದೇ. 1997ರಲ್ಲಿ ಯುಎಂಎಲ್ ಅಧಿಕೃತ ಮಾನದಂಡವಾದ ಮೇಲೆ ಮೊದಲು ಚಿತ್ರ, ಆಮೇಲೆ ಕೋಡ್ ಎಂಬ ಶಿಸ್ತಿಗೆ ಬಲ ಬಂತು. ಆದರೆ ಗಡುವು ಹತ್ತಿರವಾದಂತೆ ಕೋಡ್ ಬದಲಾಗುತ್ತದೆ, ಚಿತ್ರ ಇದ್ದಲ್ಲೇ ಇರುತ್ತದೆ. ಅದಕ್ಕೇ ಕೋಡಿನಿಂದಲೇ ಚಿತ್ರ ತೆಗೆಯುವ ಉಪಾಯ. ಸಿ ಪ್ಲಸ್ ಪ್ಲಸ್, ಜಾವಾಗಳಿಗೆ ಡಾಕ್ಸಿಜನ್ ಮತ್ತು ಗ್ರಾಫ್‌ವಿಜ್ ಜೋಡಿ ಇದೆ. ಪೈಥಾನ್‌ಗೆ ಪೈಲಿಂಟ್ ಜೊತೆಗೇ ಬರುವ ಪೈರಿವರ್ಸ್ ಇದೆ. ಯಾವ ಕ್ಲಾಸ್ ಯಾವುದರಿಂದ ಇಳಿದು ಬಂದಿದೆ, ಅದರೊಳಗೆ ಯಾವ ಮೆಥಡ್‌ಗಳಿವೆ ಎಂಬುದನ್ನು ಇವು ಚೆನ್ನಾಗಿಯೇ ಹೇಳುತ್ತವೆ. ಹೇಳಲಾಗದ್ದೂ ಇದೆ. ಆರ್ಡರ್ ಕ್ಲಾಸಿನಲ್ಲಿ ಐಟಂಗಳ ಪಟ್ಟಿ ಇದೆ ಎನ್ನಿ. ಆರ್ಡರ್ ಅಳಿದರೆ ಐಟಂಗಳೂ ಅಳಿಯಬೇಕೆ, ಅಂದರೆ ಅದು ಕಾಂಪೊಸಿಷನ್ನೋ ಅಗ್ರಿಗೇಷನ್ನೋ ಎಂಬುದು ಜಾವಾದ ಆ ಸಾಲಿನಲ್ಲಿ ಬರೆದಿರುವುದಿಲ್ಲ. ಟೈಪ್ ನಮೂದಿಸದ ಪೈಥಾನ್‌ನಲ್ಲಂತೂ ಸಂಬಂಧದ ಗೆರೆಗಳೇ ತಪ್ಪಿಹೋಗಬಹುದು. ಇಡೀ ಪ್ರಾಜೆಕ್ಟನ್ನು ಒಮ್ಮೆಗೇ ಸುರಿದರೆ ಸಿಗುವುದು ಪೆಟ್ಟಿಗೆಗಳ ಜಾತ್ರೆ, ಓದಲು ಬಾರದು. ಒಂದು ಪ್ಯಾಕೇಜ್ ಮಾತ್ರ ಆರಿಸಿಕೊಳ್ಳಿ, ಗೆಟರ್ ಸೆಟರ್‌ಗಳನ್ನು ಮರೆಮಾಡಿ, ಪ್ರತಿ ಬಿಲ್ಡ್‌ನಲ್ಲೂ ಚಿತ್ರ ತಾನಾಗಿ ಹೊಸದಾಗುವಂತೆ ಮಾಡಿ. ಆಮೇಲೆ, ಹೀಗೇ ಏಕೆ ಕಟ್ಟಿದೆವು ಎಂದು ಎರಡು ಸಾಲು ನೀವೇ ಬರೆದಿಡಿ. ಆ ಕಾರಣ ಕೋಡಿನಲ್ಲಿಲ್ಲದಿದ್ದರೆ ಯಾವ ಟೂಲೂ ಅದನ್ನು ಹೆಕ್ಕಿ ತೆಗೆಯಲಾರದು.