ಯಾವ ದುರ್ಬೀನು ಕೊಳ್ಳುವುದು?

ಬೇಸಿಗೆ ರಜೆ ಹತ್ತಿರವಾದಂತೆ ನಮ್ಮ ಕಡೆಯ ಪೋಷಕರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ಹುಡುಗ ದುರ್ಬೀನಿಗಾಗಿ ಹಠ ಹಿಡಿದಿದ್ದಾನೆ, ನೂರು ಪಟ್ಟು ದೊಡ್ಡದಾಗಿ ತೋರಿಸುವಂಥದ್ದು ಸಿಗುತ್ತದಂತೆ, ಕೊಡಿಸಬಹುದೇ? ದುರ್ಬೀನನ್ನು ಧಾರಾಳವಾಗಿ ಕೊಡಿಸಿ. ನೂರು ಪಟ್ಟಿನದು ಮಾತ್ರ ಬೇಡ.

ದುರ್ಬೀನಿನ ಮೇಲೆ 8x40 ಎಂಬಂಥ ಬರಹ ಇರುತ್ತದೆ. ಮೊದಲ ಅಂಕಿ ವರ್ಧನೆ: 80 ಅಡಿ ದೂರದ ವಸ್ತು 10 ಅಡಿಯಲ್ಲಿ ಇದ್ದಂತೆ ಕಾಣುತ್ತದೆ. ಎರಡನೆಯದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರಿನಲ್ಲಿ. ಈಗ 40ನ್ನು 8ರಿಂದ ಭಾಗಿಸಿ. ಬರುವ 5 ಮಿ.ಮೀ., ಕಣ್ಣಿನೊಳಗೆ ಹೋಗುವ ಬೆಳಕಿನ ಕಂಬದ ದಪ್ಪ. ಅಂಗಡಿಯವನು ಹೇಳದ ಸಂಗತಿ ಇದೇ. ನಡು ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ 2-3 ಮಿ.ಮೀ.ಗೆ ಕಿರಿದಾಗಿರುತ್ತದೆ. ಮುಸ್ಸಂಜೆಯಲ್ಲಿ ಅದು ಹಿಗ್ಗುತ್ತದೆ, ಎಳೆಯರಲ್ಲಿ 7 ಮಿ.ಮೀ.ವರೆಗೂ. ಜೇಬಿನಲ್ಲಿ ಹಿಡಿಸುವ 10x25 ಕೊಡುವುದು ಬರೀ 2.5 ಮಿ.ಮೀ. ಆದ್ದರಿಂದ ಪ್ರಾಣಿಗಳು ಹೊರಬೀಳುವ ಹೊತ್ತಿಗೆ ಅದು ಮಂಕಾಗುತ್ತದೆ. ಪರವಾನಗಿ ಪಡೆದು ಬೇಟೆಯಾಡುವ ದೇಶಗಳಲ್ಲಿ ಬೇಟೆಗಾರರು ಹೆಚ್ಚಾಗಿ 8x42ರಂಥವನ್ನು ಆರಿಸುವುದು ಈ ಕಾರಣಕ್ಕೇ.

ವರ್ಧನೆ ಹೆಚ್ಚಿದಷ್ಟೂ ಕೈ ನಡುಕವೂ ಅಷ್ಟೇ ಪಟ್ಟು ಹೆಚ್ಚುತ್ತದೆ. 20 ಪಟ್ಟಿನ ದುರ್ಬೀನನ್ನು ಕೈಯಲ್ಲಿ ಹಿಡಿದು ನೋಡಿದರೆ ಹಕ್ಕಿ ಕಾಣುವುದಿಲ್ಲ, ಹಕ್ಕಿಯ ಕುಣಿತ ಕಾಣುತ್ತದೆ. ಮಕ್ಕಳಿಗೆ 7 ಅಥವಾ 8 ಸಾಕು.

ನಮ್ಮಲ್ಲೂ ಒಂದು ಕಾಲಕ್ಕೆ ದುರ್ಬೀನು ಶಿಕಾರಿಯವರ ಸಾಮಾನಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ 1991ರ ತಿದ್ದುಪಡಿಯಿಂದ ಆ ಅಧ್ಯಾಯ ಮುಗಿಯಿತು. ಹುಡುಗರಿಗೆ ಒಂದು ಮಾತು: ಕಾಯಿದೆಯಲ್ಲಿ ಬೇಟೆ ಎಂದರೆ ಗುಂಡು ಹಾರಿಸುವುದಷ್ಟೇ ಅಲ್ಲ. ಬೇಲಿಗೆ ಉರುಳು ಕಟ್ಟುವುದೂ, ಕಾಡುಹಕ್ಕಿಯ ಗೂಡು ಕೆಡಿಸುವುದೂ ಬೇಟೆಯೇ. ಗರಿಯ ತುದಿಗೆ ತೂಗುವ ಗೀಜಗನ ಗೂಡಿಗೆ ಕಲ್ಲು ಬೀರುವವರು ಇದನ್ನು ನೆನಪಿಡಿ. ಪಕ್ಷಿತಜ್ಞ ಸಲೀಂ ಅಲಿ ಬಾಲ್ಯದಲ್ಲಿ ಏರ್‌ಗನ್ನಿನಿಂದ ಹೊಡೆದ ಗುಬ್ಬಿಯೊಂದರ ಕತ್ತು ಹಳದಿಯಾಗಿತ್ತು. ಅದೇನೆಂದು ತಿಳಿಯಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋದಲ್ಲಿಂದ ಅವರ ಹಕ್ಕಿ ಅಧ್ಯಯನ ಶುರುವಾಯಿತು. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದವರೂ ಅವರೇ. ಅಂಥ ಸಮೀಕ್ಷೆಗೂ ಆಗ ಕೋವಿ ಬೇಕಿತ್ತು; ಹಕ್ಕಿಯನ್ನು ಹೊಡೆದು ಕೈಯಲ್ಲಿ ಹಿಡಿದು ಗುರುತಿಸುತ್ತಿದ್ದ ಕಾಲ. ಇಂದು ಆ ಕೆಲಸಕ್ಕೆ ದುರ್ಬೀನು ಸಾಕು.

ನೋಡಲು ನಮ್ಮಲ್ಲಿ ಏನಿದೆ ಎನ್ನಬೇಡಿ. ಚಿಕ್ಕನಾಯಕನಹಳ್ಳಿ ದಾಟಿ ಶಿರಾ ತಾಲ್ಲೂಕಿಗೆ ಹೋದರೆ ಬುಕ್ಕಾಪಟ್ಟಣದ ಕುರುಚಲು ಕಾಡಿದೆ. ಅದನ್ನು 2019ರಲ್ಲಿ ಚಿಂಕಾರ ಅಭಯಾರಣ್ಯವೆಂದು ಘೋಷಿಸಿದರು. ಚಿಂಕಾರದ ಬಣ್ಣ ಅಲ್ಲಿನ ಒಣ ಮಣ್ಣಿನದೇ. ನಿಂತಲ್ಲೇ ನಿಂತರೆ ಬರಿಗಣ್ಣಿಗೆ ಸಿಗದು, ಹತ್ತಿರ ಹೋದರೆ ನಿಲ್ಲದು. 200 ಮೀಟರ್ ದೂರದಿಂದ 8 ಪಟ್ಟಿನಲ್ಲಿ ನೋಡಿದರೆ 25 ಮೀಟರಿನ ನೋಟ, ಪ್ರಾಣಿಗೂ ಗಾಬರಿಯಿಲ್ಲ. ತುರುವೇಕೆರೆಯವರಿಗೆ ಮಲ್ಲಾಘಟ್ಟದ ಕೆರೆ ಏರಿಯೇ ಸಾಕು.

ಇನ್ನು ತಂದೆಯವರಿಗೆ. ದುರ್ಬೀನು ಮಕ್ಕಳ ಆಟಿಕೆಯೆಂದು ಗೊಣಗುವ ಮೊದಲು ತೋಟಕ್ಕೆ ತೆಗೆದುಕೊಂಡು ಹೋಗಿ ನೋಡಿ. 60 ಅಡಿ ಎತ್ತರದ ಮರದಿಂದ 60 ಅಡಿ ದೂರ ನಿಂತರೆ ನಿಮ್ಮ ಕಣ್ಣಿಗೂ ಸುಳಿಗೂ ನಡುವೆ ಸುಮಾರು 80 ಅಡಿ. ಪೈಥಾಗೋರಸ್ ಪ್ರಮೇಯದಿಂದ ಮಗನೇ ಲೆಕ್ಕ ಮಾಡಿ ತೋರಿಸಲಿ. 8 ಪಟ್ಟಿನಲ್ಲಿ ಅದು 10 ಅಡಿ. ಅಟ್ಟದ ಮೇಲೆ ನಿಂತು ನೋಡಿದ ಹಾಗೆ. ಬಿಚ್ಚಿದ ಗರಿಯಲ್ಲಿ ಕತ್ತರಿ ಹಾಕಿದಂಥ ಕೋನಾಕಾರದ ಕಡಿತ ಕಂಡರೆ ಅದು ರೈನೋಸರಸ್ ದುಂಬಿಯ ಕೆಲಸ. ನಡುವಿನ ಗರಿಗಳು ಬಾಡಿದ್ದರೆ ಕೆಂಪು ಮೂತಿ ಹುಳುವಿನ ಶಂಕೆ ಪಡಬೇಕು, ತಡ ಮಾಡಬಾರದು. ಕೇರಳದಲ್ಲಿ 1998ರಲ್ಲಿ ಕಾಣಿಸಿಕೊಂಡು ನಮ್ಮಲ್ಲಿಗೂ ಹಬ್ಬಿದ ನುಸಿ ಯಾವ ದುರ್ಬೀನಿಗೂ ಕಾಣುವಷ್ಟು ದೊಡ್ಡದಲ್ಲ. ಆದರೆ ಅದು ಕಾಯಿಯ ತೊಟ್ಟಿನ ಕೆಳಗೆ ಮಾಡುವ ಕಂದು ಕಲೆ ಚೆನ್ನಾಗಿ ಕಾಣುತ್ತದೆ. ಮರ ಹತ್ತುವವರು ಸಿಗದ ಈ ದಿನಗಳಲ್ಲಿ ಯಾವ ಮರಕ್ಕೆ ಹತ್ತಿಸಬೇಕೆಂಬುದಾದರೂ ಮೊದಲೇ ತಿಳಿಯುತ್ತದೆ.

ಕೊಳ್ಳುವಾಗ ಅಂಗಡಿಯಿಂದ ಹೊರಗೆ ಬಂದು ನೋಡಿ. ದೂರದ ಗೋಪುರವನ್ನೋ ಟವರನ್ನೋ ಎರಡು ನಿಮಿಷ ನೋಡಿದಾಗ ಚಿತ್ರ ಎರಡಾದರೆ, ಹಣೆ ಎಳೆದಂತಾದರೆ, ಎರಡು ಕೊಳವೆಗಳೂ ಒಂದೇ ದಿಕ್ಕಿಗಿಲ್ಲ ಎಂದರ್ಥ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ತೋಳಳತೆ ದೂರ ಹಿಡಿದು ಕಣ್ಣಿಡುವ ಮಸೂರದೊಳಗೆ ನೋಡಿ. ಬೆಳಕಿನ ಚುಕ್ಕೆ ದುಂಡಗಿರಬೇಕು. ಅಂಚು ಕತ್ತರಿಸಿದಂತೆ ಚೌಕವಾಗಿದ್ದರೆ ಒಳಗಿನ ಅಶ್ರಗ ಕಡಿಮೆ ದರ್ಜೆಯದು. ತಲೆಕೆಳಗಾದ ಬಿಂಬವನ್ನು ನೇರ ಮಾಡುವುದು ಈ ಅಶ್ರಗಗಳೇ. ಇಟಲಿಯ ಪೊರ್ರೋ 1854ರಲ್ಲಿ ಪೇಟೆಂಟ್ ಪಡೆದ ಉಪಾಯವಿದು. ನಿಮ್ಮ ಪಾಠದ ಪೂರ್ಣಾಂತರಿಕ ಪ್ರತಿಫಲನವೇ ಇಲ್ಲಿ ಕೆಲಸ ಮಾಡುವುದು.

ಬಳಸುವ ಕ್ರಮ ಹೀಗೆ. ಎರಡು ವೃತ್ತ ಒಂದಾಗುವಂತೆ ಕೊಳವೆಗಳನ್ನು ಹೊಂದಿಸಿ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಸ್ಪಷ್ಟ ಮಾಡಿ. ಆಮೇಲೆ ಎಡಗಣ್ಣು ಮುಚ್ಚಿ, ಬಲಗಡೆಯ ಬಳೆ ತಿರುಗಿಸಿ. ಆ ಬಳೆಯನ್ನು ಮತ್ತೆ ಮುಟ್ಟಬೇಕಿಲ್ಲ. ಕನ್ನಡಕದವರು ರಬ್ಬರ್ ಬಟ್ಟಲನ್ನು ಮಡಿಚಿಕೊಳ್ಳಿ. ಹಕ್ಕಿಯನ್ನು ಮೊದಲು ಬರಿಗಣ್ಣಿನಿಂದ ಹಿಡಿದು, ದೃಷ್ಟಿ ಕದಲಿಸದೆ ದುರ್ಬೀನನ್ನು ಕಣ್ಣಿಗೆ ತನ್ನಿ.

ಸೂರ್ಯನತ್ತ ಮಾತ್ರ ಎಂದೂ ತಿರುಗಿಸಬೇಡಿ, ಗ್ರಹಣದ ದಿನವೂ, ಸಂಜೆ ಕೆಂಪಾದಾಗಲೂ. ಮಸೂರದಿಂದ ಕಾಗದ ಸುಟ್ಟವರಿಗೆ ಹೆಚ್ಚು ಹೇಳಬೇಕಿಲ್ಲ. ಅಕ್ಷಿಪಟಲಕ್ಕೆ ನೋವು ತಿಳಿಸುವ ನರಗಳಿಲ್ಲ. ಸುಟ್ಟದ್ದು ಗೊತ್ತಾಗುವ ಹೊತ್ತಿಗೆ ದೃಷ್ಟಿ ಹೋಗಿರುತ್ತದೆ. ಚಿಕ್ಕ ಮಕ್ಕಳ ಕೈಗೆ ಒಬ್ಬರೇ ಇದ್ದಾಗ ಕೊಡದಿರಿ.

ಮಸೂರವನ್ನು ಅಂಗಿಯ ಚುಂಗಿನಿಂದ ಒರೆಸುವ ಚಾಳಿ ಬೇಡ. ನಮ್ಮ ದಾರಿಯ ಧೂಳಿನಲ್ಲಿ ಮರಳಿನ ಕಣಗಳಿವೆ, ಗಾಜಿನ ಲೇಪ ಗೀಚಿಹೋಗುತ್ತದೆ. ಮೊದಲು ಮೃದು ಕುಂಚದಿಂದ ಧೂಳು ಕೊಡವಿ, ಆಮೇಲೆ ಒಗೆದ ಹತ್ತಿ ಬಟ್ಟೆಯಿಂದ ಒರೆಸಿ. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಮುಚ್ಚಿಟ್ಟರೆ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ಒಣ ಕಪಾಟಿನಲ್ಲಿಡಿ.