ಬಾನೆಟ್ ಒಳಗೆ ಕನ್ನಡ ಬರುವುದು ಯಾವಾಗ?



ಈ ಸಲ ಬೋರ್ಡಿನ ಸುದ್ದಿ ಬೇಡ. ಒಂದು ಪಿಕಪ್ ಗಾಡಿಯ ಕಥೆ ಹೇಳುತ್ತೇನೆ. ಇದೇನಪ್ಪಾ, ಸಂಪಾದಕೀಯದ ಜಾಗದಲ್ಲಿ ಗ್ಯಾರೇಜಿನ ಗ್ರೀಸು ಎಂದು ಮೂಗು ಮುರಿಯಬೇಡಿ. 46 ಸಾವಿರ ರೂಪಾಯಿ ಕಳೆದುಕೊಂಡವನ ಮಾತು ಸ್ವಲ್ಪ ಕೇಳಿ.

ನಮ್ಮ ಪ್ರೆಸ್ಸಿನಲ್ಲಿ 2018ರ ಒಂದು ಡೀಸೆಲ್ ಪಿಕಪ್ ಇದೆ. ಸುಲ್ತಾನ್‌ಪೇಟೆಯಿಂದ ಕಾಗದದ ರೀಮು ತರುವುದು, ಪೋಸ್ಟರು ಕರಪತ್ರಗಳ ಬಂಡಲ್ ಊರೂರಿಗೆ ಮುಟ್ಟಿಸುವುದು ಅದರ ಕೆಲಸ. ರಾಜ್ಯೋತ್ಸವಕ್ಕೆ ನಾಲ್ಕು ದಿನ ಇರುವಾಗ ಪೋಸ್ಟರ್ ತುಂಬಿಕೊಂಡು ರಾಮನಗರಕ್ಕೆ ಹೊರಟಿದ್ದು ನಾಯಂಡಹಳ್ಳಿ ದಾಟುವಷ್ಟರಲ್ಲಿ ಗಪ್ಪೆಂದು ನಿಂತಿತು. ಸೆಲ್ಫ್ ಹೊಡೆದರೆ ತಿರುಗುತ್ತದೆ, ಇಂಜಿನ್ ಮಾತ್ರ ಹತ್ತುವುದಿಲ್ಲ. ಎಳೆಸಿಕೊಂಡು ಒಂದು ಗ್ಯಾರೇಜಿಗೆ ತಂದೆವು. ಅದರ ಹೆಸರು ಬೇಡ. ಬಾಗಿಲ ಮೇಲಿನ ಬೋರ್ಡಿನಲ್ಲಿ ಕನ್ನಡ ದೊಡ್ಡದಾಗಿಯೇ ಇತ್ತು, ನೋಡಿ ಸಂತೋಷವೂ ಆಯಿತು.

ಒಬ್ಬ ಹುಡುಗ ಬಂದು ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದ. ಪರದೆಯ ಮೇಲೆ ಯು0100 ಎಂಬ ಕೋಡ್ ಬಂತು, ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು. ಹುಡುಗ ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದು ನೋಡಿ ಹೇಳಿದ: "ಸಾರ್, ಇಸಿಎಂ ಹೋಗಿದೆ. ಹೊಸದು ಹಾಕಬೇಕು."

ಇಸಿಎಂ ಎಂದರೆ ಇಂಜಿನ್ನಿನ ಕಂಪ್ಯೂಟರ್. ಅಂಗೈ ಅಗಲದ ಅಲ್ಯೂಮಿನಿಯಂ ಡಬ್ಬಿ. ಹಳೆಯ ಡೀಸೆಲ್ ಗಾಡಿಗೆ ಇದರ ಗೊಡವೆ ಇರಲಿಲ್ಲ. ಪಂಪು, ನಾಜಲ್, ಮೆಕ್ಯಾನಿಕ್ಕಿನ ಕಿವಿ, ಇಷ್ಟರಲ್ಲೇ ರಿಪೇರಿ ಮುಗಿಯುತ್ತಿತ್ತು. ಕಾಮನ್ ರೇಲ್ ಇಂಜಿನ್ ಬಂದ ಮೇಲೆ ಲೆಕ್ಕವೇ ಬದಲಾಯಿತು. ಕ್ರ್ಯಾಂಕ್ ಎಲ್ಲಿದೆ, ರೇಲಿನಲ್ಲಿ ಡೀಸೆಲ್ ಒತ್ತಡ ಎಷ್ಟಿದೆ, ಆಕ್ಸಿಲರೇಟರ್ ಎಷ್ಟು ತುಳಿದಿದ್ದಾರೆ, ನೀರು ಎಷ್ಟು ಬಿಸಿಯಾಗಿದೆ, ಇಷ್ಟನ್ನೂ ಸೆನ್ಸರುಗಳಿಂದ ಕೇಳಿಕೊಂಡು ಯಾವ ಇಂಜೆಕ್ಟರು ಯಾವ ಕ್ಷಣಕ್ಕೆ ಎಷ್ಟು ಹೊತ್ತು ತೆರೆಯಬೇಕು ಎಂದು ಈ ಡಬ್ಬಿ ಅಪ್ಪಣೆ ಕೊಡುತ್ತದೆ. ಹೊಗೆಯ ಕಾನೂನು 2017ರಲ್ಲಿ ಬಿಎಸ್-4, 2020ರಲ್ಲಿ ಬಿಎಸ್-6 ಎಂದು ಬಿಗಿಯಾದಂತೆ ಇದರ ಯಜಮಾನಿಕೆಯೂ ಹೆಚ್ಚಿತು. ಇದು ಬಾಯಿ ಮುಚ್ಚಿದರೆ ಗಾಡಿ ಕಬ್ಬಿಣದ ಮೂಟೆ.

46 ಸಾವಿರ ಎಂದರು. ಹಬ್ಬ ತಲೆಯ ಮೇಲೆ ಕೂತಿತ್ತು, ಹೂಂ ಅಂದೆ. ಒಂದು ಇಂಗ್ಲಿಷ್ ಹಾಳೆ ಚಾಚಿದರು, ಸಹಿ ಹಾಕಿದೆ. ಹೊಸ ಡಬ್ಬಿ ಬಂತು. ಅದನ್ನು ಕೂರಿಸುವ ಕೆಲಸವನ್ನು ಆ ಹುಡುಗ ಅಚ್ಚುಕಟ್ಟಾಗಿಯೇ ಮಾಡಿದ, ಸುಳ್ಳು ಹೇಳಬಾರದು. ಪಾರ್ಟ್ ನಂಬರ್ ತಾಳೆ ನೋಡಿದ. ಬ್ಯಾಟರಿಯ ಕನೆಕ್ಷನ್ ಬಿಚ್ಚಿದ ಮೇಲೆಯೇ ಹಳೆಯದನ್ನು ತೆಗೆದ. ಹೊಸದಕ್ಕೆ ಸಾಫ್ಟ್‌ವೇರ್ ತುಂಬುವಾಗ ಕರೆಂಟು ಇಳಿದರೆ ಡಬ್ಬಿಯೇ ಕೆಡಬಹುದೆಂದು ಬ್ಯಾಟರಿಗೆ ಚಾರ್ಜರ್ ಕೊಟ್ಟುಕೊಂಡ. ಗಾಡಿಯ ಚಾಸಿ ನಂಬರ್ ಬರೆದ. ಕೀಲಿಯ ಗುರುತು ಕಲಿಸಿದ. ಅದಿಲ್ಲದಿದ್ದರೆ ಇಮ್ಮೊಬಿಲೈಜರ್ ಗಾಡಿಯನ್ನು ಕಳ್ಳಮಾಲು ಎಂದು ತಿಳಿದು ಸ್ಟಾರ್ಟೇ ಆಗಗೊಡುವುದಿಲ್ಲ. ನಾಲ್ಕೂ ಇಂಜೆಕ್ಟರುಗಳ ತಲೆಯ ಮೇಲೆ ಕೊರೆದಿರುವ ಕೋಡುಗಳನ್ನು ಒಂದೊಂದಾಗಿ ಹೊಡೆದ. ಅದು ತಪ್ಪಿದರೆ ಇಂಜಿನ್ ನಡುಗುತ್ತದೆ, ಹೊಗೆ ಕಾರುತ್ತದೆ. ಗಾಡಿ ಸ್ಟಾರ್ಟ್ ಆಯಿತು. ಪೋಸ್ಟರು ರಾಮನಗರ ಸೇರಿತು.

ಹನ್ನೊಂದನೇ ದಿನ ಗಾಡಿ ಮತ್ತೆ ನಿಂತಿತು. ಅದೇ ಕೋಡು!

ಈ ಸಲ ಕಲಾಸಿಪಾಳ್ಯದ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರ ಮನೆಮಾತು ಉರ್ದು, ಗ್ಯಾರೇಜಿನ ಮಾತು ಚೊಕ್ಕ ಕನ್ನಡ. ಸ್ಕ್ಯಾನರನ್ನು ಅವರು ಮುಟ್ಟಲೇ ಇಲ್ಲ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ಇಸಿಎಂನ ಅರ್ತ್ ವೈರಿಗೆ ಹಿಡಿದು "ಸೆಲ್ಫ್ ಹೊಡಿಯಪ್ಪಾ" ಅಂದರು. ಮುಳ್ಳು ಜಿಗಿಯಿತು. "ನೋಡಿ ಸ್ವಾಮಿ, ಇಲ್ಲಿ ಸೊನ್ನೆ ಹತ್ತಿರ ಇರಬೇಕು. ಎರಡು ವೋಲ್ಟ್ ಇಲ್ಲೇ ತಿಂದುಹೋಗ್ತಿದೆ. ಅರ್ತ್ ಸರಿಯಿಲ್ಲ." ಬ್ಯಾಟರಿ ತಟ್ಟೆಯ ಕೆಳಗೆ ಅರ್ತ್ ವೈರಿನ ಲಗ್ ಆಸಿಡ್ ಬಿದ್ದು ಹಸಿರು ಹಿಟ್ಟಾಗಿತ್ತು. ಮರಳು ಕಾಗದದಲ್ಲಿ ಉಜ್ಜಿ, ಹೊಸ ಲಗ್ ಹಾಕಿ, ಬೋಲ್ಟ್ ಬಿಗಿದರು. 300 ರೂಪಾಯಿ. ಆಮೇಲೆ ನಾನು ಚೀಲದಲ್ಲಿ ಇಟ್ಟುಕೊಂಡಿದ್ದ ಹಳೆಯ ಇಸಿಎಂ ಹಾಕಿ ನೋಡಿದರು. ಕೀಲಿಯ ಗುರುತು, ಇಂಜೆಕ್ಟರ್ ಕೋಡು ಎಲ್ಲವೂ ಅದರಲ್ಲಿ ಹಾಗೇ ಇದ್ದವು. ಒಂದೇ ಸೆಲ್ಫಿಗೆ ಇಂಜಿನ್ ಹತ್ತಿತು. "ಸತ್ತಿದೆ" ಎಂದು ತೀರ್ಪಾಗಿದ್ದ ಡಬ್ಬಿ ಇವತ್ತಿಗೂ ನಮ್ಮ ಗಾಡಿಯನ್ನು ಓಡಿಸುತ್ತಿದೆ.

ಹೊಸದನ್ನು ವಾಪಸ್ ಕೊಡಲು ಹೋದೆ. ನಾನು ಸಹಿ ಹಾಕಿದ್ದ ಹಾಳೆಯ ತಳದಲ್ಲಿ, ಇರುವೆ ಕಾಲಿನಂಥ ಇಂಗ್ಲಿಷ್ ಅಕ್ಷರದಲ್ಲಿ, ಎಲೆಕ್ಟ್ರಿಕ್ ಸಾಮಾನು ವಾಪಸ್ ಇಲ್ಲ ಎಂದು ಬರೆದಿತ್ತು. ಇಪ್ಪತ್ತು ವರ್ಷದಿಂದ ಬೇರೆಯವರ ಸಣ್ಣ ಅಕ್ಷರ ಅಚ್ಚು ಹಾಕಿ ಬದುಕುವ ನಾನೇ ಅದನ್ನು ಓದಿರಲಿಲ್ಲ. ನನ್ನದೂ ತಪ್ಪು, ಒಪ್ಪಿದೆ.

ಆದರೆ ಆ ಹುಡುಗನ ನೋಟ್‌ಬುಕ್ಕನ್ನು ಅವತ್ತು ಕೇಳಿ ನೋಡಿದೆ ನೋಡಿ, ಅಲ್ಲಿ ನನ್ನ ಎದೆ ಹಿಂಡಿತು. ಹಿರಿಯೂರು ಕಡೆಯ ಹುಡುಗ, ಕನ್ನಡ ಮೀಡಿಯಂ, ಐಟಿಐ. ಸ್ಕ್ಯಾನರ್ ಹೇಳುವ ಒಂದೊಂದು ಇಂಗ್ಲಿಷ್ ಸಾಲಿಗೂ ತನಗೆ ತಿಳಿದಂತೆ ಕನ್ನಡ ಬರೆದುಕೊಂಡಿದ್ದಾನೆ. ಯು0100ರ ಎದುರು ದುಂಡಗಿನ ಅಕ್ಷರದಲ್ಲಿ "ಇಸಿಎಂ ಲಾಸ್, ಚೇಂಜ್ ಮಾಡು" ಎಂದಿದೆ. ಪರದೆ ಹೇಳಿದ್ದು ಅದಲ್ಲ! "ಇಸಿಎಂ ಜೊತೆ ಮಾತು ನಿಂತಿದೆ" ಎಂದಷ್ಟೇ. ಮಾತು ನಿಲ್ಲಲು ಫ್ಯೂಸ್ ಸುಟ್ಟಿರಬಹುದು, ರಿಲೇ ಕೆಟ್ಟಿರಬಹುದು, ಅರ್ತ್ ಕೊಳೆತಿರಬಹುದು, ಕನೆಕ್ಟರಿಗೆ ನೀರು ಹೋಗಿರಬಹುದು, ಸುದ್ದಿ ಸಾಗಿಸುವ ಜೋಡಿ ವೈರು ತುಂಡಾಗಿರಬಹುದು. ಇವೆಲ್ಲ ಸರಿಯಿದ್ದರೆ ಕೊನೆಗೆ ಡಬ್ಬಿಯ ಮೇಲೆ ಅನುಮಾನ. ಡಬ್ಬಿ ನಿಜಕ್ಕೂ ಸುಟ್ಟಿದ್ದರೂ ಸುಟ್ಟಿದ್ದು ಯಾಕೆ ಎಂದು ಹುಡುಕಬೇಕು. ಇಂಜೆಕ್ಟರ್ ಶಾರ್ಟ್ ಆಗಿಯೋ, ಬ್ಯಾಟರಿ ತೆಗೆಯದೆ ವೆಲ್ಡಿಂಗ್ ಮಾಡಿಸಿಯೋ ಸುಟ್ಟಿದ್ದರೆ ಕಾರಣ ತಿಳಿಯದೆ ಹಾಕಿದ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಇಷ್ಟನ್ನು ಯಾರೂ ಅವನಿಗೆ ಅವನ ಭಾಷೆಯಲ್ಲಿ ಹೇಳಿಲ್ಲ. ಅವನ ಕೈ ದಡ್ಡ ಕೈಯಲ್ಲ, ಆಗಲೇ ಹೇಳಿದೆ. ಒಂದು ಸಾಲಿನ ಅರ್ಥ ಜಾರಿತು, ನನ್ನ 46 ಸಾವಿರ ಹೋಯಿತು. ನನಗೆ ಪ್ರೆಸ್ ಇದೆ, ಹೇಗೋ ತಡೆದುಕೊಂಡೆ. ಸಾಲದ ಕಂತಿನ ಮೇಲೆ ತರಕಾರಿ ಗಾಡಿ ಓಡಿಸುವವನ ಗತಿ?

ಇನ್ನೂ ಉರಿಯುವ ಮಾತು ಕೇಳಿ. ಡೀಸೆಲ್ ಇಂಜಿನ್ನಿಗೂ ಈ ಊರಿಗೂ ಹಳೆಯ ನಂಟು. 1951ರಲ್ಲಿ ಹುಟ್ಟಿದ ಮೈಕೋ ಕಂಪನಿ ಆಡುಗೋಡಿಯಲ್ಲಿ ಡೀಸೆಲ್ ಪಂಪು ಮಾಡಿ ದೇಶಕ್ಕೆಲ್ಲ ಕೊಟ್ಟಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಇವತ್ತು ಇದೇ ಬೆಂಗಳೂರಿನ ಎ.ಸಿ. ರೂಮುಗಳಲ್ಲಿ ಕೂತು ಸಾವಿರಾರು ಇಂಜಿನಿಯರುಗಳು ಜಗತ್ತಿನ ವಾಹನಗಳಿಗೆ ಸಾಫ್ಟ್‌ವೇರ್ ಬರೆಯುತ್ತಾರೆ. ಗಾಡಿಯ ಮಿದುಳು ನಮ್ಮ ಊರಲ್ಲೇ ಬರೆಯಲಾಗುತ್ತದೆ, ನಮ್ಮ ಹುಡುಗನ ಜೊತೆ ಮಾತ್ರ ಅದು ಮಾತಾಡುವುದಿಲ್ಲ! ಕನ್ನಡದಲ್ಲಿ ಆಗುವುದಿಲ್ಲವೇ? ಸ್ಕ್ಯಾನರುಗಳ ಮೆನುವಿನಲ್ಲಿ ಚೀನಿ ಇದೆ, ರಷ್ಯನ್ ಇದೆ, ಸ್ಪ್ಯಾನಿಷ್ ಇದೆ. ಮೊಬೈಲಿನಲ್ಲಿ ಕನ್ನಡ ಅಕ್ಷರ ಮೂಡಿಸುವುದು ಈಗ ಮಕ್ಕಳಾಟ. ಕೇಳಿದವರಿಗೆ ಕೊಟ್ಟಿದ್ದಾರೆ. ನಾವು ಕೇಳಿಲ್ಲ.

ಯಾಕೆ ಕೇಳಿಲ್ಲ? ಬೋರ್ಡಿನ ಹೋರಾಟದಲ್ಲಿ ನಾನೂ ಇದ್ದೆ. 2023ರ ಡಿಸೆಂಬರಿನಲ್ಲಿ ಬೀದಿಗಿಳಿದೆವು, 2024ರಲ್ಲಿ ಬೋರ್ಡಿನ ಶೇಕಡಾ 60 ಭಾಗ ಕನ್ನಡ ಎಂದು ಕಾನೂನೂ ತಿದ್ದುಪಡಿಯಾಯಿತು. ಬೇಕಿತ್ತು, ಬೇಡವೆಂದು ಹೇಳುತ್ತಿಲ್ಲ. ಆದರೆ ಬೋರ್ಡಿನ ಕೆಳಗೆ ನಿಂತು ಜೈಕಾರ ಹಾಕಿ ಮನೆಗೆ ಹೋದ ನಾವು ಆ ಬಾಗಿಲು ದಾಟಿ ಒಳಗೆ ಹೋಗಲಿಲ್ಲ. ಒಳಗೆ ಸಹಿ ಹಾಕಿಸುವ ಹಾಳೆ ಇಂಗ್ಲಿಷ್, ವಾರಂಟಿ ಕಾರ್ಡ್ ಇಂಗ್ಲಿಷ್, ಸ್ಕ್ಯಾನರ್ ಇಂಗ್ಲಿಷ್, ಸರ್ವಿಸ್ ಪುಸ್ತಕ ಇಂಗ್ಲಿಷ್. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, ರಾಜ್ಯದಲ್ಲಿ ತಯಾರಾಗಿ ಮಾರಾಟವಾಗುವ ವಸ್ತುಗಳ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕು ಎನ್ನುತ್ತದೆ. ಬಿಸ್ಕತ್ತಿನ ಪೊಟ್ಟಣಕ್ಕೆ ಇದನ್ನು ಕೇಳುವವರು 46 ಸಾವಿರದ ಡಬ್ಬಿಗೆ ಯಾಕೆ ಕೇಳಬಾರದು?

ಒಂದು ಎಚ್ಚರಿಕೆ ಮಾತ್ರ. ಕನ್ನಡ ಮಾಡುತ್ತೇವೆಂದು ಯಾವ ಪಂಡಿತರೂ ಇಸಿಎಂ ಅನ್ನು "ಯಂತ್ರನಿಯಂತ್ರಣಘಟಕ" ಮಾಡಿ ಹುಡುಗರ ತಲೆಗೆ ಹೊಡೆಯಬಾರದು. ಇಸಿಎಂ ಇಸಿಎಂ ಆಗಿಯೇ ಇರಲಿ, ಅರ್ತ್ ಅರ್ತ್ ಆಗಿಯೇ ಇರಲಿ. ಗ್ಯಾರೇಜಿನಲ್ಲಿ ಆಡುವ ಕನ್ನಡವೇ ಸಾಕು. ಬೇಕಾಗಿರುವುದು "ಮಾತು ನಿಂತಿದೆ, ಮೊದಲು ಫ್ಯೂಸ್ ನೋಡು, ಆಮೇಲೆ ಅರ್ತ್ ನೋಡು" ಎಂಬ ಸಾಲುಗಳು.

ಈ ಪತ್ರಿಕೆ ಓದುವ ನಿಮ್ಮಲ್ಲಿ ಆ ಎ.ಸಿ. ರೂಮುಗಳಲ್ಲಿ ಕೆಲಸ ಮಾಡುವ ಇಂಜಿನಿಯರುಗಳೂ ಇದ್ದೀರಿ, ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವರೂ ಇದ್ದೀರಿ. ಇಬ್ಬರೂ ಒಂದು ಭಾನುವಾರ ಒಟ್ಟಿಗೆ ಕೂತು, ಡೀಸೆಲ್ ಪಿಕಪ್ಪುಗಳಲ್ಲಿ ಪದೇ ಪದೇ ಬರುವ ಐವತ್ತು ಕೋಡುಗಳಿಗೆ ಅರ್ಥ ಬರೆದು, ಇಸಿಎಂ ಬದಲಿಸುವ ಮುಂಚೆ ಏನೇನು ನೋಡಬೇಕೆಂದು ಸಾಲು ಹಾಕಿ ಕೊಡಿ. ಡೆಮಿ ಸೈಜಿನ ಗೋಡೆ ಚಾರ್ಟ್ ಮಾಡೋಣ. ಕಾಗದ, ಮಸಿ, ಪ್ಲೇಟು, ಕೂಲಿ ಎಲ್ಲ ನನ್ನದು. ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಮೈಸೂರು ರಸ್ತೆಯ ಗ್ಯಾರೇಜುಗಳಿಗೆ ಅದೇ ಪಿಕಪ್ಪಿನಲ್ಲಿ ಹಂಚಿಸುತ್ತೇನೆ. ಮೊದಲ ಪ್ರೂಫ್ ಆ ಹಿರಿಯೂರಿನ ಹುಡುಗನ ಕೈಗೆ ಹೋಗುತ್ತದೆ. ಅವನಿಗೆ ತಿಳಿಯದ ಸಾಲು ಪ್ಲೇಟಿಗೆ ಹತ್ತುವುದಿಲ್ಲ.